ಕೆಳಗಿರೋರು ಸರ್ಕೊಳ್ಳಿ

ಜೂನ್ ೪

ಗಾಜಿನವಳಿಗೆ,

ಬಂದು ತಲುಪಿದ್ದೇನೆ. ಇಲ್ಲಿನ ಗಿರಣಿಯ ಹಿಂಬದಿಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಮಂಚ, ಮೇಜು, ಕಾಲು ಸಡಿಲವಾದ ಒಂದು ಕುರ್ಚಿ. ಕಿಟಕಿ ತೆಗೆದರೆ ಹೊಸ ಬಾಯ್ಲರ್ ಮನೆ ಕಾಣುತ್ತದೆ. ಬಾಯ್ಲರ್ ಕೂರಿಸಿ, ಇಲ್ಲಿನ ಜನರಿಗೆ ಕೆಲಸ ಕಲಿಸಿ ಹೊರಡಲು ಮೂರು ತಿಂಗಳಾದರೂ ಬೇಕು. ಇಲ್ಲಿ ಎಲ್ಲರೂ ನನ್ನನ್ನು ‘ಹೆಡ್ ಸಾಹೇಬರು’ ಎನ್ನುತ್ತಾರೆ. ಮೊದಲ ದಿನ ಯಾರೋ ಹಾಗೆ ಕರೆದಾಗ ಸೋದರಮಾವನನ್ನೇ ಕರೆದರೆಂದು ಹಿಂದೆ ತಿರುಗಿ ನೋಡಿದೆ.

ಈ ವಿಷಯ ಬರೆಯಲೇಬೇಡಿ ಎಂದು ನೀನು ಹೇಳಿದ್ದೆ. ಆದರೆ ಬರೆಯದಿದ್ದರೆ ಯಾರ ಮುಂದಾದರೂ ಬಾಯಿ ಬಿಟ್ಟೇನು ಎಂಬ ಹೆದರಿಕೆ. ಆಫೀಸಿನ ಫೋನಿನಲ್ಲಿ ನಾಲ್ಕು ಜನರ ನಡುವೆ ನಿಂತು ಆಡುವ ಮಾತಲ್ಲ ಇದು. ಹಾಗಾಗಿ ನಿನಗೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಮುಖ ತೊಳೆಯುವಾಗ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಾವು ಮಾಡಿದ್ದು ಇಷ್ಟೇ. ಮಾವನಿಗೆ ವಯಸ್ಸಾಗಿತ್ತು, ಕೆಲಸ ಬಿಡಲು ಒಪ್ಪಲಿಲ್ಲ. ಹದಿನೈದು ವರ್ಷ ನಾನು ಅವರ ಕೈಕೆಳಗೇ ಉಳಿದೆ. ವರ್ಷಕ್ಕೊಮ್ಮೆ ನಮ್ಮ ಗಿರಣಿಯ ಡಾಕ್ಟರು ಹತ್ತು ಹೆಜ್ಜೆ ದೂರದಿಂದ ಬಾಯ್ಲರಿನ ಒತ್ತಡದ ಮುಳ್ಳನ್ನು ಓದಿಸುತ್ತಾರಲ್ಲ, ಅದರಲ್ಲಿ ತಪ್ಪಿದರೆ ಹೂಮಾಲೆ ಹಾಕಿ ಮನೆಗೆ ಕಳಿಸುತ್ತಾರೆ. ಅದಕ್ಕೆಂದು ನೀನು ಅಂಗಡಿಯಲ್ಲಿ ಅವರ ಹೊಸ ಕನ್ನಡಕದ ಗಾಜು ಉಜ್ಜುವಾಗ ಎರಡು ನಂಬರು ಹೆಚ್ಚಿಟ್ಟೆ, ನಾನು ತಲೆಯಾಡಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದೆ ನೀನು. ಒಂದು ದಿನದ ಮಾತಾಗಿತ್ತು. ಡಾಕ್ಟರಿಗೆ ಜ್ವರ ಬಂದು ಪರೀಕ್ಷೆ ಎಂಟು ದಿನ ಮುಂದಕ್ಕೆ ಹೋಗುತ್ತದೆಂದು ನಮಗೇನು ಕನಸು ಬಿದ್ದಿತ್ತೇ? ಆರನೇ ದಿನ ಅವರು ಬಾಯ್ಲರಿನ ಕಬ್ಬಿಣದ ಮೆಟ್ಟಿಲಿನಿಂದ ಬೀಳುತ್ತಾರೆಂದು ಯಾರಿಗೆ ಗೊತ್ತಿತ್ತು? ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಕೆನ್ನೆಯ ಮೇಲಿನ ಸೋಪು ಒಣಗಿರುತ್ತದೆ.

ನಿನ್ನೆ ಮಧ್ಯಾಹ್ನ ಹೊಸ ಬಾಯ್ಲರಿನ ಕೆಳಗೆ ಒಬ್ಬನೇ ನಿಂತಿದ್ದೆ. ಮೇಲಿನಿಂದ ಮೂರು ಬಡಿತ ಕೇಳಿಸಿತು. ಮಾವ ಇಳಿಯುವ ಮುಂಚೆ ಸ್ಪ್ಯಾನರಿನಿಂದ ಕಂಬಿಗೆ ಬಡಿಯುತ್ತಿದ್ದ ಹಾಗೆಯೇ. ಬಡಿದಾದ ಮೇಲೆ “ಇಳೀತಿದ್ದೀನಿ, ಕೆಳಗಿರೋರು ಸರ್ಕೊಳ್ಳಿ” ಎಂದು ಕೂಗುತ್ತಿದ್ದರಲ್ಲ, ಅದಕ್ಕಾಗಿ ಕಾದೆ. ಅದು ಬರಲಿಲ್ಲ. ಈ ಬಾಯ್ಲರಿಗೆ ಇನ್ನೂ ಬೆಂಕಿಯನ್ನೇ ಹಾಕಿಲ್ಲ, ಮೇಲೆ ಯಾರೂ ಇರಲಿಲ್ಲ.

ಆ ಕನ್ನಡಕ ನಿನ್ನ ಬಳಿ ಇದೆ ತಾನೇ? ಆಸ್ಪತ್ರೆಯವರು ಕೊಟ್ಟ ಬಟ್ಟೆಯ ಗಂಟಿನಲ್ಲಿ ಇತ್ತೆಂದುಕೊಂಡಿದ್ದೇನೆ. ಒಂದು ಗೆರೆ ಬರೆ, ಸಾಕು.

ಇಂತಿ,
ನಿನ್ನವ


ಜೂನ್ ೯

ಹೆಡ್ ಸಾಹೇಬರಿಗೆ,

ನಿಮ್ಮ ಪತ್ರ ಓದಿ ಒಲೆಗೆ ಹಾಕಿದೆ. ಇದನ್ನೂ ನೀವು ಹಾಗೇ ಮಾಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀವು ಯಾರೂ ಕಳ್ಳ ಎನ್ನುವ ಮುಂಚೆಯೇ ಹೆಗಲು ಒರೆಸಿಕೊಳ್ಳುತ್ತಾ ಕೂತಿದ್ದೀರಿ.

ಮೂರು ಬಡಿತವಂತೆ. ಬಿಸಿಲಿಗೆ ಕಾದ ಕಬ್ಬಿಣ ಮೋಡ ಬಂದಾಗ ಸದ್ದು ಮಾಡುವುದಿಲ್ಲವೇ? ಹದಿನೈದು ವರ್ಷ ಬಾಯ್ಲರಿನ ಜೊತೆ ಸಂಸಾರ ಮಾಡಿದವರಿಗೆ ಗಾಜು ಉಜ್ಜುವವಳು ಹೇಳಿಕೊಡಬೇಕಾಯಿತು ನೋಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬರಿಹೊಟ್ಟೆಗೆ ಎಲ್ಲವೂ ಕೇಳಿಸುತ್ತದೆ.

ನಾವು ಯಾರನ್ನೂ ತಳ್ಳಲಿಲ್ಲ. ಅರವತ್ತು ದಾಟಿದವರು ಕಬ್ಬಿಣದ ಮೆಟ್ಟಿಲು ಹತ್ತಿ ಇಳಿದರೆ ಒಂದಲ್ಲ ಒಂದು ದಿನ ಜಾರುತ್ತಾರೆ. ಇದಕ್ಕಿಂತ ಹೆಚ್ಚು ಯೋಚನೆ ಮಾಡಬೇಡಿ, ನಾನೂ ಮಾಡುವುದಿಲ್ಲ.

ಮಾವನ ಮನೆಯ ಕೀಲಿ ಕೊಟ್ಟರು. ಹೆಡ್ಡಿಗೆ ಎಂದು ಇರುವ ಮನೆ, ಇನ್ನು ನಮ್ಮದು. ನಿನ್ನೆ ಹೋಗಿ ಬಾಗಿಲು ತೆಗೆದೆ. ಮೂರು ಕೋಣೆ, ಐದು ಕಿಟಕಿ! ಅಡುಗೆಮನೆಗೆ ಎರಡು ಕಡೆಯಿಂದ ಬೆಳಕು. ಈ ಒಂದೇ ಕೋಣೆಯಲ್ಲಿ ಹನ್ನೆರಡು ವರ್ಷ ಹಗಲಲ್ಲೇ ದೀಪ ಹಚ್ಚಿ ಅಕ್ಕಿ ಆರಿಸಿದವಳು ನಾನು. ಬೆಳಕಿನಲ್ಲಿ ಸುಮ್ಮನೆ ನಿಂತೆ, ಅತ್ತುಬಿಟ್ಟೆ. ಸಂತೋಷಕ್ಕೆ ಅತ್ತೆ, ತಪ್ಪು ತಿಳಿಯಬೇಡಿ.

ಕನ್ನಡಕ ನನ್ನ ಹತ್ತಿರ ಇಲ್ಲ. ಗಂಟಿನಲ್ಲಿ ಅಂಗಿ, ಬೆಲ್ಟು, ಕೈಗಡಿಯಾರ ಅಷ್ಟೇ ಇದ್ದವು. ನೀವೇ ಬಾಯ್ಲರಿನ ಬೆಂಕಿಗೆ ಎಸೆದಿರಿ ಎಂದುಕೊಂಡು ಸಮಾಧಾನವಾಗಿದ್ದೆ. ಎಸೆದಿರಿ ತಾನೇ?

ನಿಮ್ಮ,
ಗಾಜಿನವಳು


ಜೂನ್ ೧೬

ಗಾಜಿನವಳಿಗೆ,

ನಾನು ಎಸೆದಿಲ್ಲ. ಅವರು ಬಿದ್ದಾಗ ಓಡಿಬಂದವರಲ್ಲಿ ಮೊದಲನೆಯವನು ಉದ್ದಣ್ಣ. ಕಲ್ಲಿದ್ದಲು ಎಳೆಯುವ ಸಲಿಕೆ ಬಿಸಾಡಿ ಬಂದ. ಅವನು ಬಗ್ಗಿ ಏನನ್ನೋ ಎತ್ತಿಕೊಂಡದ್ದು ಈಗ ನೆನಪಾಗುತ್ತಿದೆ. ಆಗ ನಾನು ನೋಡುತ್ತಿದ್ದದ್ದು ಬೇರೆ.

ನಿನ್ನ ಪತ್ರ ಬಂದ ದಿನವೇ ಒಂದು ಅವಮಾನವಾಯಿತು. ಇಲ್ಲಿನ ಮ್ಯಾನೇಜರು ಕೆಲಸ ನೋಡಲು ಬಂದಿದ್ದರು. ಟೀ ತರಿಸುವಾಗ ನಾನು ಮೂರು ಲೋಟ ಹೇಳಿದೆ. ಬಂದ ಮೇಲೆ ಒಂದನ್ನು ಖಾಲಿ ಸ್ಟೂಲಿನ ಮೇಲಿಟ್ಟು “ತಗೊಳ್ಳಿ ಮಾವ, ಆರೋಗತ್ತೆ” ಎಂದೆ. ನಾಲಿಗೆ ತಾನಾಗಿಯೇ ಹೇಳಿತು. ಮ್ಯಾನೇಜರು ನಕ್ಕು “ಮಾವನ ಮೇಲೆ ಇಷ್ಟು ಪ್ರೀತಿ ಇರೋ ಅಳಿಯನ್ನ ನೋಡೇ ಇಲ್ಲಪ್ಪ” ಅಂದರು. ನಾನೂ ನಕ್ಕೆ. ಲೋಟ ಆರಿ ಕೆನೆ ಕಟ್ಟುವ ತನಕ ಅದರ ಕಡೆ ನೋಡಲು ಧೈರ್ಯ ಬರಲಿಲ್ಲ.

ಪ್ರೀತಿ ಇರಲಿಲ್ಲವೇ ನನಗೆ? ಅಮ್ಮ ಸತ್ತಾಗ ನನಗೆ ಏಳು ವರ್ಷ. ಈ ಸೋದರಮಾವ ಬಂದು ಹೆಗಲ ಮೇಲೆ ಕೂರಿಸಿಕೊಂಡು ಕರೆದುಕೊಂಡು ಹೋದರು. ಶರ್ಟಿನ ಗುಂಡಿ ಹಾಕುವುದರಿಂದ ಹಿಡಿದು ವಾಲ್ವ್ ಬಿಗಿಯುವ ತನಕ ಎಲ್ಲ ಅವರೇ ಕಲಿಸಿದ್ದು. ಇದನ್ನು ನಿನಗೆ ಗಂಟೆಗೊಮ್ಮೆ ಹೇಳುತ್ತಿದ್ದೆ, ನೀನು “ಗೊತ್ತು ಕಣ್ರೀ” ಎನ್ನುತ್ತಿದ್ದೆ. ಆದರೂ ತಲೆಯಾಡಿಸಿದೆನಲ್ಲ, ಅದು ಹೇಗೆ ಎಂದು ನೀನಾದರೂ ಹೇಳು.

ಆ ದಿನ ಬೆಳಿಗ್ಗೆ ಅವರು ಮೇಲೆ ಹತ್ತುವ ಮುಂಚೆ. ಬೇಡ ಬಿಡು.

ಉದ್ದಣ್ಣನ ಹತ್ತಿರ ಕನ್ನಡಕ ಇದೆಯೋ ಇಲ್ಲವೋ ನೋಡು. ನೇರವಾಗಿ ಕೇಳಬೇಡ.

ನಿನ್ನವ


ಜೂನ್ ೨೫

ನಿಮಗೆ,

ನಾನು ಕೇಳಬೇಕಾಗಲಿಲ್ಲ. ಉದ್ದಣ್ಣನೇ ಅಂಗಡಿಗೆ ಬಂದ.

ಬೆಳಿಗ್ಗೆ ಹನ್ನೊಂದು ಗಂಟೆ. ನಾನು ಗಾಜು ಉಜ್ಜುವ ಚಕ್ರದ ಮುಂದೆ ಕೂತಿದ್ದೆ. ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದ, ಕರವಸ್ತ್ರ ಬಿಚ್ಚಿ ಕನ್ನಡಕವನ್ನು ಮೇಜಿನ ಮೇಲಿಟ್ಟ. ಒಂದು ಗೀರೂ ಬಿದ್ದಿಲ್ಲ. ಅಷ್ಟು ಜೋರಾಗಿ ಬಿದ್ದರೂ ಗಾಜು ಒಡೆಯಲಿಲ್ಲ, ನಾನು ಅಷ್ಟು ಚೆನ್ನಾಗಿ ಕೂರಿಸಿದ್ದೆ.

“ಅತ್ತಿಗೆ, ನಂಗೂ ದೂರದ್ದು ಮಂಜಾಗ್ತಿದೆ. ಯಜಮಾನರದ್ದು ನಂಗೆ ಹೊಂದತ್ತಾ ನೋಡಿ. ಹೊಂದಿದ್ರೆ ಅವ್ರ ನೆನಪಿಗೆ ಹಾಕ್ಕೊಂಡು ಓಡಾಡ್ತೀನಿ” ಅಂದ.

ಅಂಗಡಿಯ ಹಿರಿಯರು ಪಕ್ಕದಲ್ಲೇ ಇದ್ದರು. “ನಂಬರು ನೋಡಮ್ಮ” ಎಂದರು. ಯಂತ್ರಕ್ಕಿಟ್ಟು ನೋಡಿದೆ. ಎರಡು ಹೆಚ್ಚು. ನಾನೇ ಇಟ್ಟದ್ದು ಎಲ್ಲಿ ಹೋಗುತ್ತದೆ? “ಎಷ್ಟಿದೆ?” ಎಂದು ಹಿರಿಯರು ಕೇಳಿದರು. ಮಾವನ ಹಳೆಯ ಕಾರ್ಡಿನಲ್ಲಿದ್ದ ಸರಿಯಾದ ನಂಬರನ್ನೇ ಹೇಳಿದೆ. ದನಿ ನಡುಗಲಿಲ್ಲ, ನಿಮ್ಮಾಣೆ. “ನಿಂಗೆ ಇದು ಹೊಂದಲ್ಲ, ಇಲ್ಲೇ ಬಿಟ್ಟು ಹೋಗು, ನಮ್ಮನೇದು ನಮ್ಮ ಹತ್ರ ಇರಲಿ” ಅಂದೆ. ಅವನು ಮುಖ ಸಣ್ಣ ಮಾಡಿಕೊಂಡು ಮತ್ತೆ ಕರವಸ್ತ್ರದಲ್ಲಿ ಸುತ್ತಿದ. “ಬೇಡ ಅತ್ತಿಗೆ, ಪೆಟ್ಟಿಗೇಲಿ ಇಟ್ಕೊಂಡಿರ್ತೀನಿ” ಎಂದ. ಹಿರಿಯರ ಎದುರು ಕಿತ್ತುಕೊಳ್ಳಲು ಆಗುತ್ತದೆಯೇ?

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ. “ಕೊನೇ ವಾರ ಯಜಮಾನರು ಆಗಾಗ ತಡವರಿಸ್ತಿದ್ರು. ಕನ್ನಡಕ ಸರಿಯಿಲ್ವೇನೋ ಅಂದ್ರೆ ನನ್ ಮೇಲೇ ರೇಗಿದ್ರು. ‘ಗಾಜಲ್ಲಿ ತಪ್ಪಿರೋಕೆ ಸಾಧ್ಯ ಇಲ್ಲ ಕಣೋ, ನನ್ ಮಗಳು ಉಜ್ಜಿದ್ದು. ತಪ್ಪಿರೋದು ನನ್ ಕಣ್ಣಲ್ಲಿ’ ಅಂತ.”

ಒಂದು ವಿಷಯ ನಿಮಗೆ ಹೇಳಿರಲಿಲ್ಲ. ನಮ್ಮ ಅಂಗಡಿಯಲ್ಲಿ ಯಾರು ಗಾಜು ಉಜ್ಜುತ್ತಾರೋ ಅವರು ಅಂಚಿನಲ್ಲಿ, ಫ್ರೇಮಿನ ಒಳಗೆ ಮುಚ್ಚಿಹೋಗುವ ಕಡೆ, ವಜ್ರದ ಮೊನೆಯಿಂದ ತಮ್ಮ ಗುರುತು ಗೀರಬೇಕು. ದೂರು ಬಂದರೆ ಯಾರ ಕೈ ಎಂದು ತಿಳಿಯಲು. ನನ್ನದು ಒಂದು ಚುಕ್ಕೆ, ಪಕ್ಕದಲ್ಲಿ ಒಂದು ಗೀಟು. ಆ ಗಾಜಿಗೂ ಹಾಕಿದ್ದೇನೆ. ಬೇಕೆಂದೇ ತಪ್ಪಾಗಿ ಉಜ್ಜಿ, ಆಮೇಲೆ ಅಭ್ಯಾಸಬಲದಿಂದ ನನ್ನ ಗುರುತು ಹಾಕಿಕೊಟ್ಟ ಬುದ್ಧಿವಂತೆ ನಾನು. ನಗಬೇಕೆನಿಸಿದರೆ ನಗಿ.

ಮಾವ ಹೇಗೆ ಬಿದ್ದರೆಂದು ವಿಚಾರಿಸಲು ಸರ್ಕಾರದ ಇನ್ಸ್‌ಪೆಕ್ಟರು ಮುಂದಿನ ತಿಂಗಳು ಬರುತ್ತಾರಂತೆ. ಎಲ್ಲರ ಹೇಳಿಕೆ ಬರೆದುಕೊಳ್ಳುತ್ತಾರಂತೆ. ಉದ್ದಣ್ಣ ಬಾಯಿ ಬಿಟ್ಟರೆ, ಯಾರಾದರೂ ಆ ಫ್ರೇಮು ಬಿಚ್ಚಿಸಿದರೆ ಮುಗಿಯಿತು. ಏನು ಮಾಡುವುದೆಂದು ನೀವೇ ಹೇಳಿ. ನನಗೆ ತೋಚುತ್ತಿಲ್ಲ.

ನಿಮ್ಮವಳು


ಜುಲೈ ೧

ನೀನು ಇನ್ನು ಈ ಚಿಂತೆ ಬಿಡು. ನಾನು ನೋಡಿಕೊಳ್ಳುತ್ತೇನೆ. ಹೇಗೆ ಎಂದು ಕೇಳಬೇಡ. ನಿನಗೆ ಗೊತ್ತಿಲ್ಲದಿದ್ದರೆ ನಿನಗೇ ಒಳ್ಳೆಯದು.

ಉದ್ದಣ್ಣ ಕೇಳಿದವರಿಗೆಲ್ಲ ಉತ್ತರ ಕೊಡುವ ಜಾತಿ. ಒಳ್ಳೆಯವನು, ಅದೇ ಅವನ ತೊಂದರೆ. ಅವನ ಮಾತಿಗೆ ಬೆಲೆ ಇಲ್ಲದ ಹಾಗಾದರೆ ಸಾಕು.

ಮನೆ ಬದಲಾಯಿಸಿಬಿಡು. ಐದು ಕಿಟಕಿಗೂ ಪರದೆ ಹೊಲಿಸು. ಬಾಯ್ಲರಿಗೆ ಬೆಂಕಿ ಹಾಕಿದ್ದೇವೆ, ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿದೆ. ಬಡಿತ ನಿಂತುಹೋಗಿದೆ. ಈಗ ಚೆನ್ನಾಗಿ ನಿದ್ದೆ ಬರುತ್ತದೆ.


ಜುಲೈ ೧೦

ನಿಮಗೆ,

ಮನೆ ಬದಲಾಯಿಸಿದೆ. ಪರದೆ ಹೊಲಿಸಲಿಲ್ಲ. ಗಾಜು ಒರೆಸುವುದೇ ಮುಗಿಯುತ್ತಿಲ್ಲ. ಎಷ್ಟು ಒರೆಸಿದರೂ ಮಸುಕು. ಮೊದಲು ನನ್ನ ಕಣ್ಣೇ ಎಂದುಕೊಂಡೆ, ಆಮೇಲೆ ಈ ಮಾತು ಬೇರೆ ಯಾರೋ ಹೇಳಿದ್ದೆಂದು ನೆನಪಾಯಿತು.

ಅಟ್ಟಕ್ಕೆ ಹೋಗುವ ಮೆಟ್ಟಿಲಿಗೆ ಕಬ್ಬಿಣದ ಕಂಬಿ ಇದೆಯಲ್ಲ, ನೀವು ಚಿಕ್ಕವರಿದ್ದಾಗ ಅದರ ಮೇಲೆ ಜಾರುತ್ತಿದ್ದಿರಂತೆ. ಮೊನ್ನೆ ಹಾಡಹಗಲು, ಹನ್ನೆರಡು ಗಂಟೆ, ಅನ್ನ ಬಸಿಯುತ್ತಿದ್ದೆ. ಆ ಕಂಬಿಯಿಂದ ಮೂರು ಬಡಿತ. ನೀವು ಬರೆದ ಹಾಗೆಯೇ. ನಾನು ಏನು ಮಾಡಿದೆ ಗೊತ್ತೇ? ಗೋಡೆಗೆ ಒತ್ತಿಕೊಂಡು ಸರಿದು ದಾರಿ ಬಿಟ್ಟೆ. ಬಿಸಿಲಿಗೆ ಕಬ್ಬಿಣ ಸದ್ದು ಮಾಡುತ್ತದೆ ಎಂದು ನಿಮಗೆ ಬರೆದವಳು ನಾನೇ. ಅವತ್ತು ಬಿಸಿಲೇ ಇರಲಿಲ್ಲ.

ಇದಲ್ಲ ನಾನು ಬರೆಯಬೇಕಾದದ್ದು. ಉದ್ದಣ್ಣನನ್ನು ಕೆಲಸದಿಂದ ಹೊರಗಿಟ್ಟಿದ್ದಾರೆ. ಮೆಟ್ಟಿಲಿನ ಮೇಲೆ ಎಣ್ಣೆ ಚೆಲ್ಲಿತ್ತಂತೆ, ಒರೆಸಬೇಕಾದವನು ಅವನಂತೆ, ಒರೆಸದೆ ಮುಚ್ಚಿಟ್ಟನಂತೆ. ಹಾಗೆಂದು ಯಾರೋ ಆಫೀಸಿಗೆ ಪತ್ರ ಬರೆದಿದ್ದಾರೆ. ಅವನ ಹೆಂಡತಿ ಬಂದಿದ್ದಳು. ಮೂರು ಹೆಣ್ಣುಮಕ್ಕಳನ್ನೂ ಕರೆತಂದಿದ್ದಳು, ಚಿಕ್ಕದು ಸೊಂಟದ ಮೇಲೆ. “ಅಕ್ಕಾ, ನಿಮ್ ಯಜಮಾನ್ರು ಅಲ್ಲೇ ಇದ್ರಲ್ಲ, ಎಣ್ಣೆ ಇರ್ಲಿಲ್ಲ ಅಂತ ಒಂದ್ ಮಾತು ಬರೆಯೋಕೆ ಹೇಳಿ. ಅವ್ರು ಹೇಳಿದ್ರೆ ನಡೆಯತ್ತೆ” ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಒರಟು, ಬಿಸಿ. ಬಿಡಿಸಿಕೊಳ್ಳಲು ಆಗಲಿಲ್ಲ.

ಬರೆದದ್ದು ಯಾರು?

ನನಗೆ ಗೊತ್ತು. ಆದರೂ ನಿಮ್ಮ ಬಾಯಿಂದ ಕೇಳಬೇಕು.


ಜುಲೈ ೧೫

ಗಾಜಿನವಳಿಗೆ,

ಹೌದು, ನಾನೇ. ಏನೀಗ?

ಹಾವೂ ಸಾಯಬಾರದು ಎಂದು ಹೊರಟವರು ನಾವು. ಹಾವು ಸತ್ತಾಯಿತು, ಇನ್ನು ಕೋಲನ್ನಾದರೂ ಉಳಿಸಿಕೊಳ್ಳಬೇಡವೇ? ಉದ್ದಣ್ಣನನ್ನು ಜೈಲಿಗೇನೂ ಹಾಕುವುದಿಲ್ಲ. ಕೆಲಸ ಹೋಗುತ್ತದೆ, ಅಷ್ಟೇ. ವರ್ಷ ಕಳೆಯಲಿ, ಮತ್ತೆ ಕರೆಸಿಕೊಂಡು ಕೆಲಸ ಕೊಡಿಸುತ್ತೇನೆ. ಅವನು ನನ್ನ ಕೈಕೆಳಗೇ ಇದ್ದರೆ ಒಳ್ಳೆಯದು ಕೂಡ.

ಇದನ್ನು ಶುರು ಮಾಡಿದ್ದು ನೀನು ಎಂದು ನಾನು ಒಂದು ದಿನವೂ ಹೇಳಿಲ್ಲ. ಈಗಲೂ ಹೇಳುವುದಿಲ್ಲ. ಆದರೆ ನೀನು ನನಗೆ ಧೈರ್ಯ ಹೇಳುತ್ತಿದ್ದವಳು. ಹೆಗಲು ಒರೆಸಿಕೊಳ್ಳಬೇಡಿ ಎಂದು ಬರೆದವಳು ಈಗ ಗೋಡೆಗೆ ಒತ್ತಿಕೊಂಡು ನಿಂತರೆ ಹೇಗೆ? ಎರಡು ದಿನ ರಜೆ ಹಾಕಿ ಮಲಗು.

ಉದ್ದಣ್ಣ ಈಗ ಕಷ್ಟದಲ್ಲಿದ್ದಾನೆ. ಅಕ್ಕಿಯೋ ಬೇಳೆಯೋ ತೆಗೆದುಕೊಂಡು ಅವನ ಮನೆಗೆ ಹೋಗು. ಮಾತಿನ ನಡುವೆ ಕನ್ನಡಕ ಕೇಳು, ಕೊಡುತ್ತಾನೆ. ತಂದು ಚಕ್ರಕ್ಕೆ ಹಿಡಿದು ಪುಡಿ ಮಾಡಿ ಚರಂಡಿಗೆ ಸುರಿ. ಆಮೇಲೆ ಏನೂ ಉಳಿಯುವುದಿಲ್ಲ.

ಇನ್ಸ್‌ಪೆಕ್ಟರು ನಿನ್ನನ್ನು ಕೇಳುವುದಿಲ್ಲ. ಕೇಳಿದರೆ ಅಳು, ಸಾಕು.


ಜುಲೈ ೨೨

ನಿಮಗೆ,

ಹೋಗಿದ್ದೆ. ಅಕ್ಕಿ ಒಯ್ದಿದ್ದೆ. ಅವರು ಅಕ್ಕಿ ತೆಗೆದುಕೊಳ್ಳಲಿಲ್ಲ, ಕನ್ನಡಕ ಕೊಟ್ಟರು. ನಾನು ಕೇಳುವ ಮುಂಚೆಯೇ ಉದ್ದಣ್ಣ ಪೆಟ್ಟಿಗೆ ತೆಗೆದ. “ಕೆಲಸಗಳ್ಳ ಅನ್ನೋ ಹೆಸರು ಬಂದಿದೆ ಅತ್ತಿಗೆ, ನಾಳೆ ಕಳ್ಳ ಅಂತಾರೆ. ನಿಮ್ಮನೇ ವಸ್ತು ನಮ್ಮನೇಲಿರೋದು ಬೇಡ” ಎಂದ. ಅರ್ಧ ಗಂಟೆ ಕೂತು ಮಾತಾಡಿದೆವು. ಮಾವನ ಬಗ್ಗೆಯೇ.

ಗಾಜು ನನ್ನ ಮುಂದಿದೆ. ಪುಡಿ ಮಾಡಲಿಲ್ಲ. ಹಾಕಿಕೊಂಡು ಮನೆಯಲ್ಲಿ ಓಡಾಡುತ್ತೇನೆ. ಅವರು ಏನು ಕಂಡರೋ ಅದನ್ನು ನಾನೂ ಕಾಣಬೇಕು. ರೀ, ನೆಲ ಮೇಲೆದ್ದು ಬರುತ್ತದೆ. ಒಂದು ಗೇಣು ಮೇಲೆ. ಇಲ್ಲೇ ಇದೆ ಎಂದು ಕಾಲಿಟ್ಟರೆ ಇರುವುದಿಲ್ಲ. ಅಟ್ಟದ ಮೆಟ್ಟಿಲಿನಲ್ಲಿ ನಿನ್ನೆ ಎರಡು ಸಲ ಕಂಬಿ ಹಿಡಿದುಕೊಂಡು ಬದುಕಿದೆ. ಮಾವ ಆರು ದಿನ ಹೀಗೆ ನಡೆದಾಡಿದರು. ಅವರ ಒಂದು ಕೈಯಲ್ಲಿ ಸ್ಪ್ಯಾನರು ಬೇರೆ.

ನಿಮಗೆ ಸುಳ್ಳು ಹೇಳಿದ್ದೇನೆ, ಎರಡು. ನಿಮ್ಮ ಪತ್ರಗಳನ್ನು ಸುಡಲಿಲ್ಲ. ಸಕ್ಕರೆ ಡಬ್ಬಿಯಲ್ಲಿವೆ.

ಎರಡನೆಯದು. ಹೊಸದು ಹಾಕಿಕೊಳ್ಳಲಿ ಎಂದು ಅವರ ಹಳೆಯ ಕನ್ನಡಕವನ್ನು ರಿಪೇರಿಯ ನೆಪದಲ್ಲಿ ಅಂಗಡಿಗೆ ಒಯ್ದಿದ್ದೆನಲ್ಲ. ಪರೀಕ್ಷೆ ಮುಂದಕ್ಕೆ ಹೋಯಿತೆಂದು ತಿಳಿದಾಗ ಹೆದರಿಕೆಯಾಯಿತು. ಮೂರನೇ ದಿನವೇ ಅದನ್ನು ಸರಿ ಮಾಡಿ ಬುತ್ತಿಯ ಚೀಲದಲ್ಲಿಟ್ಟುಕೊಂಡೆ, ಕೊಟ್ಟುಬಿಡೋಣ ಎಂದು. ದಿನಾ ಸಂಜೆ ಊಟಕ್ಕೆ ಬಂದಾಗ ಮಾವ ಕೇಳುತ್ತಿದ್ದರು, “ಹಳೇದು ರಿಪೇರಿ ಆಯ್ತಾ ಮಗಳೇ?” ಎಂದು. ಚೀಲ ಅವರ ಕುರ್ಚಿಯ ಹಿಂದಿನ ಮೊಳೆಗೇ ನೇತಾಡುತ್ತಿತ್ತು. “ಇನ್ನೂ ಇಲ್ಲ ಮಾವ, ನಾಳೆ” ಎನ್ನುತ್ತಿದ್ದೆ. ಮೂರು ಸಂಜೆ. ಇನ್ನೈದು ದಿನ ತಾನೇ, ಇನ್ನು ನಾಲ್ಕು ದಿನ ತಾನೇ ಎಂದು ಐದು ಕಿಟಕಿ ಎಣಿಸುತ್ತಿದ್ದೆ. ಅವರು ಸತ್ತ ದಿನ ಮನೆ ತುಂಬ ಜನ. ಆ ಚೀಲ ಅಲ್ಲೇ ಇತ್ತು. ಈಗಲೂ ಅದರಲ್ಲೇ ಇದೆ ಕನ್ನಡಕ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಯೋಚನೆ ಮಾಡಿ ಉತ್ತರ ಬರೆಯಿರಿ. ಆ ಆರು ದಿನದಲ್ಲಿ ಮಾವ ಕನ್ನಡಕದ ಬಗ್ಗೆ ನಿಮ್ಮ ಹತ್ತಿರ ಏನಾದರೂ ಹೇಳಿದ್ದರೇ? ನೀವು ಒಮ್ಮೆ “ಆ ದಿನ ಬೆಳಿಗ್ಗೆ” ಎಂದು ಬರೆದು ನಿಲ್ಲಿಸಿದ್ದಿರಿ. ಇನ್ಸ್‌ಪೆಕ್ಟರು ಆಗಸ್ಟ್ ಎರಡಕ್ಕೆ ಬರುತ್ತಾರೆ. ಅಷ್ಟರಲ್ಲಿ ನಿಮ್ಮ ಉತ್ತರ ಬೇಕು.


ಜುಲೈ ೨೭

ಗಾಜಿನವಳಿಗೆ,

ಇಲ್ಲ. ಮಾವ ನನ್ನ ಹತ್ತಿರ ಏನೂ ಹೇಳಲಿಲ್ಲ. ಆ ದಿನ ಬೆಳಿಗ್ಗೆ ಹವೆಯ ವಿಷಯ ಮಾತಾಡಿದರು, ಹತ್ತಿದರು.

ಹಳೆಯ ಕನ್ನಡಕದ ವಿಷಯ ನನಗೆ ಹೇಳಿದ್ದು ಒಳ್ಳೆಯದಾಯಿತು. ಇನ್ನು ಯಾರಿಗೂ ಹೇಳಬೇಡ. ನಿನಗೆ ಹುಷಾರಿಲ್ಲ. ಎರಡು ಕನ್ನಡಕವನ್ನೂ ಪುಡಿ ಮಾಡು, ಸಕ್ಕರೆ ಡಬ್ಬಿಯಲ್ಲಿರುವುದನ್ನು ಸುಡು. ಮುಂದಿನ ತಿಂಗಳು ಕಳೆದರೆ ನಾನು ಬಂದುಬಿಡುತ್ತೇನೆ. ಇಲ್ಲಿ ಒಳ್ಳೆಯ ಹತ್ತಿಬಟ್ಟೆ ಸಿಗುತ್ತದೆ, ಪರದೆಗೆ ತರುತ್ತೇನೆ. ಯಾವ ಬಣ್ಣ ಬೇಕು ಬರೆ.

ನಿನ್ನವ


ಆಗಸ್ಟ್ ೩

ನಿಮಗೆ,

ನಿಮ್ಮ ‘ಇಲ್ಲ’ ತಲುಪಿತು. ಪರದೆಗೆ ಬಟ್ಟೆ ಬೇಡ.

ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಇನ್ಸ್‌ಪೆಕ್ಟರು ಕೂತಿದ್ದ ಕೋಣೆಗೆ ಹೋದೆ. ಉದ್ದಣ್ಣ ಹೊರಗೆ ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಒಳಗೆ ಹೋಗಿ ಎರಡು ಕನ್ನಡಕವನ್ನೂ ಮೇಜಿನ ಮೇಲಿಟ್ಟೆ, ಅಂಗಡಿಯ ಕಾರ್ಡನ್ನೂ ಇಟ್ಟೆ. ಫ್ರೇಮು ಬಿಚ್ಚಿ ಗುರುತು ತೋರಿಸಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. “ಯಾಕಮ್ಮ ಹೀಗೆ ಮಾಡಿದ್ರಿ?” ಎಂದರು. “ಕಿಟಕಿಗೋಸ್ಕರ” ಅಂದೆ. ತಲೆ ಕೆಟ್ಟಿದೆ ಎಂದುಕೊಂಡರೇನೋ. ನೀರು ಕೊಡಿಸಿದರು, ಆಮೇಲೆ ಮೊದಲಿನಿಂದ ಹೇಳಿಸಿ ಬರೆದುಕೊಂಡರು. ಉಪ್ಪು ತಿಂದವಳು ನೀರು ಕುಡಿಯಲೇಬೇಕು, ಕುಡಿದೆ.

ನಿಮ್ಮ ಹೆಸರು ಎತ್ತಲಿಲ್ಲ. ನಿಮಗೆ ಗೊತ್ತಿತ್ತೇ ಎಂದು ಅವರು ಕೇಳಿದಾಗ “ಅವರನ್ನೇ ಕೇಳಿ” ಎಂದೆ. ನಿಮ್ಮ ಪತ್ರಗಳು ಸಕ್ಕರೆ ಡಬ್ಬಿಯಲ್ಲೇ ಇವೆ, ಕೊಟ್ಟಿಲ್ಲ. ಕೊಡುವುದೂ ಇಲ್ಲ.

ಈಗ ಕೇಳಿ. ಅಕ್ಕಿ ಒಯ್ದ ದಿನ ಉದ್ದಣ್ಣ ನಿಮ್ಮನ್ನು ಹೊಗಳಿದ. ತನ್ನ ಕೆಲಸ ಕಿತ್ತುಕೊಂಡವರು ನೀವೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅವನು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. “ಅಣ್ಣಂಗೆ ಎಷ್ಟು ಕಾಳಜಿ ಅತ್ತಿಗೆ! ಆ ದಿನ ಬೆಳಿಗ್ಗೆ ಯಜಮಾನ್ರು ‘ಲೋ, ನೆಲ ಮೇಲೆದ್ದು ಬಂದ ಹಾಗೆ ಕಾಣತ್ತೆ ಕಣೋ, ನೀನೊಂದ್ಸಲ ಹಾಕ್ಕೊಂಡು ನೋಡು’ ಅಂತ ಕನ್ನಡಕ ಕೈಗೆ ಕೊಟ್ರು. ಅಣ್ಣ ಹಾಕ್ಕೊಂಡು ಆ ಕಡೆ ಈ ಕಡೆ ನೋಡಿ, ‘ಸರಿಯಾಗೇ ಇದೆ ಮಾವ, ಹೊಸದಲ್ವಾ, ಅಭ್ಯಾಸ ಆಗತ್ತೆ’ ಅಂತ ತಾವೇ ಯಜಮಾನ್ರ ಮೂಗಿನ ಮೇಲಿಟ್ರು.”

ನೀವೇ ಮೂಗಿನ ಮೇಲಿಟ್ಟಿರಿ.

ಇಷ್ಟು ದಿನ ಪಾಪ ನನ್ನದು, ನೀವು ಬರಿ ತಲೆಯಾಡಿಸಿದವರು ಎಂದುಕೊಂಡಿದ್ದೆ. ನನ್ನಷ್ಟು ಕೆಟ್ಟವರು ನೀವಲ್ಲ ಎಂಬ ನಂಬಿಕೆಯ ಮೇಲೆ ದಿನ ದೂಡುತ್ತಿದ್ದೆ. ನಿಮಗೆ ಧೈರ್ಯ ಹೇಳುತ್ತಿದ್ದದ್ದೂ ಅದಕ್ಕೇ. ನಾನು ಸಂಜೆ ಸುಳ್ಳು ಹೇಳುತ್ತಿದ್ದೆ, ನೀವು ಬೆಳಿಗ್ಗೆ. ನಡುವೆ ಆ ಮನುಷ್ಯ ನಮ್ಮಿಬ್ಬರನ್ನೂ ನಂಬಿಕೊಂಡು ಓಡಾಡಿದರು.

‘ಹೌದು’ ಎಂದು ಬರೆದಿದ್ದರೆ ಇನ್ಸ್‌ಪೆಕ್ಟರಿಂದ ನಾಲ್ಕು ದಿನ ಸಮಯ ಕೇಳಿಕೊಂಡು, ನೀವು ಬರುವ ತನಕ ಕಾಯುತ್ತಿದ್ದೆ. ಇಬ್ಬರೂ ಒಟ್ಟಿಗೆ ಹೋಗಬಹುದಿತ್ತು.

ಇನ್ಸ್‌ಪೆಕ್ಟರು ಹತ್ತನೇ ತಾರೀಕು ನಿಮ್ಮಲ್ಲಿಗೆ ಬರುತ್ತಾರೆ. ನಾನು ಕೇಳಿದ್ದನ್ನೇ ಕೇಳುತ್ತಾರೆ. ಉದ್ದಣ್ಣನನ್ನು ಇನ್ನೂ ಕೆಲಸಕ್ಕೆ ಕರೆದಿಲ್ಲ. ಎಣ್ಣೆ ಇತ್ತೋ ಇಲ್ಲವೋ ಎಂದು ನೀವು ಹೇಳುವ ತನಕ ಕರೆಯುವುದಿಲ್ಲವಂತೆ.

ನಾನು ಹಳೆಯ ಕೋಣೆಗೆ ವಾಪಸು ಬಂದಿದ್ದೇನೆ. ಕರೆ ಬರುವ ತನಕ ಊರು ಬಿಡಬೇಡಿ ಎಂದಿದ್ದಾರೆ. ದೀಪ ಹಚ್ಚಿಕೊಂಡು ಬರೆಯುತ್ತಿದ್ದೇನೆ.


ಆಗಸ್ಟ್ ೯

ಗಾಜಿನವಳಿಗೆ,

ನಿನ್ನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಮೂರು ದಿನ ಕೆಲಸ ಮಾಡಿದೆ. ಇವತ್ತು ಬೆಳಿಗ್ಗೆ, ‘ಆ ದಿನ ಮೆಟ್ಟಿಲಿನ ಮೇಲೆ ಎಣ್ಣೆ ಇರಲಿಲ್ಲ, ನಾನು ಹಾಗೆ ಬರೆದದ್ದು ಸುಳ್ಳು’ ಎಂದು ಆಫೀಸಿಗೆ ಬರೆದು ಸಹಿ ಹಾಕಿ ಅಂಚೆಗೆ ಕೊಟ್ಟೆ. ಉದ್ದಣ್ಣನಿಗೂ ಒಂದು ಬರೆದೆ. ಕ್ಷಮಿಸು ಎಂದು ಬರೆದು ಹೊಡೆದು ಹಾಕಿದೆ, ಅದನ್ನು ಮುಖ ನೋಡಿ ಕೇಳುತ್ತೇನೆ. ನಾಳೆ ಇನ್ಸ್‌ಪೆಕ್ಟರಿಗೆ ಎಲ್ಲ ಹೇಳುತ್ತೇನೆ. ಕನ್ನಡಕ ಹಾಕಿ ನೋಡಿದ್ದು, ಮೂಗಿನ ಮೇಲಿಟ್ಟದ್ದು ಎಲ್ಲ.

ಉದ್ದಣ್ಣ ನೋಡದ್ದು ಇನ್ನೊಂದಿದೆ. ಅವರಿಗೆ ಹೇಳುವ ಮುಂಚೆ ನಿನಗೆ.

ಮಾವ ಮೇಲಿನಿಂದ ಮೂರು ಸಲ ಬಡಿದು “ಕೆಳಗಿರೋರು ಸರ್ಕೊಳ್ಳಿ” ಎಂದರೆ ಎಲ್ಲರೂ ಸರಿಯುತ್ತಿದ್ದರು, ನಾನೊಬ್ಬನನ್ನು ಬಿಟ್ಟು. ಅವರ ಮೊಣಕಾಲು ಸೋತಂದಿನಿಂದ, ನಾಲ್ಕು ವರ್ಷವಾಯಿತು, ಕೊನೆಯ ಮೆಟ್ಟಿಲ ಹತ್ತಿರ ನಿಂತು ಹೆಗಲು ಕೊಡುತ್ತಿದ್ದೆ. ಅವರು ಅದರ ಮೇಲೆ ಕೈಯಿಟ್ಟು ಇಳಿಯುತ್ತಿದ್ದರು. ಯಾರೂ ಹೇಳಿದ್ದಲ್ಲ, ರೂಢಿಯಾಗಿತ್ತು. ಅವರು ನೋಡದೆಯೇ ಕೈ ಚಾಚುತ್ತಿದ್ದರು.

ಆ ದಿನವೂ ನಾನು ಕೆಳಗೇ ಇದ್ದೆ. ಮೂರು ಬಡಿತ ಕೇಳಿಸಿತು, ಕೂಗು ಕೇಳಿಸಿತು. ನಾನು ಸರಿದುಕೊಂಡೆ. ಎರಡೇ ಹೆಜ್ಜೆ. ಬೇಕೆಂದೇ ಸರಿದೆನೋ, ಬೆಳಿಗ್ಗೆ ಹೇಳಿದ ಸುಳ್ಳಿಗೆ ಅವರ ಮುಖ ನೋಡಲಾರದೆ ಸರಿದೆನೋ, ಇವತ್ತಿಗೂ ಗೊತ್ತಿಲ್ಲ. ಅವರ ಕೈ ನನ್ನ ಹೆಗಲಿಗಾಗಿ ಚಾಚಿತು. ಹೆಗಲು ಇರಲಿಲ್ಲ. ನೆಲ ಇದೆಯೆಂದು ಕಾಲಿಟ್ಟರು, ಅದೂ ಇರಲಿಲ್ಲ. ತಲೆ ಬಾಯ್ಲರಿನ ಕಬ್ಬಿಣದ ಅಂಚಿಗೆ ಬಡಿಯಿತು. ಏಳು ವರ್ಷದವನಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ತಂದವರಿಗೆ ನಾನು ಹೆಗಲು ಕೊಟ್ಟದ್ದು ಮಾರನೇ ದಿನ, ಹೆಣ ಹೊರುವಾಗ.

ನೀನು ಎರಡು ನಂಬರು ಹೆಚ್ಚಿಟ್ಟೆ. ನಾನು ಎರಡು ಹೆಜ್ಜೆ ಹಿಂದಿಟ್ಟೆ. ಯಾರದು ಹೆಚ್ಚು ಎಂದು ಲೆಕ್ಕ ಹಾಕುವುದು ಬೇಡ. ನಿನ್ನನ್ನು ನೋಡಬೇಕು ಎನಿಸುತ್ತದೆ. ನೀನು ನನ್ನನ್ನು ನೋಡಲು ಒಪ್ಪುತ್ತೀಯೋ ಇಲ್ಲವೋ ತಿಳಿಯದು. ಒಪ್ಪದಿದ್ದರೂ ಸರಿಯೇ.

ಇವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಬಾಯ್ಲರಿನ ಕೆಳಗೆ ಒಬ್ಬನೇ ನಿಂತಿದ್ದೆ. ತಿಂಗಳಾದ ಮೇಲೆ ಮತ್ತೆ ಬಂತು, ಮೂರು ಬಡಿತ. ಈ ಸಲ ಕೂಗೂ ಬಂತು. “ಇಳೀತಿದ್ದೀನಿ, ಕೆಳಗಿರೋರು ಸರ್ಕೊಳ್ಳಿ.”

ನಾನು ಸರಿಯಲಿಲ್ಲ. ಮೆಟ್ಟಿಲ ಬುಡಕ್ಕೆ ಹೋಗಿ ಹೆಗಲು ಕೊಟ್ಟು ನಿಂತೆ. ಊಟ ಮುಗಿಸಿ ಜನ ವಾಪಸು ಬರುವ ತನಕ ನಿಂತೇ ಇದ್ದೆ. ಯಾರ ಕೈಯೂ ಬೀಳಲಿಲ್ಲ.